ಅಪ್ಪ ಸೋಸಿದ ಸಮುದ್ರ

ನಮ್ಮಪ್ಪನಿಗೆ ಚಹಾವನ್ನು ಗಾಜಿನ ಲೋಟದಲ್ಲೇ ಕೊಡಬೇಕು. ಅದೂ ಹಾಲಿಲ್ಲದ ಕರಿ ಚಹಾ. ಕೊಟ್ಟ ಮೇಲೂ ಸುಮ್ಮನೆ ಕುಡಿಯುವ ಆಸಾಮಿಯಲ್ಲ. ಲೋಟವನ್ನು ಕಿಟಕಿಯ ಬೆಳಕಿಗೆ ಎತ್ತಿ ಹಿಡಿದು, ಒಂದು ಕಣ್ಣು ಮುಚ್ಚಿ ನೋಡಿ, "ಹ್ಞೂಂ" ಎಂದ ಮೇಲೆಯೇ ಮೊದಲ ಗುಟುಕು. ಹೋದ ತಿಂಗಳು ಕಣ್ಣಿನ ಪೊರೆ ತೆಗೆಸಿಕೊಂಡು ಹಳಿಯಾಳದ ನಮ್ಮ ಮನೆಗೆ ಬಂದವನು ಮರುದಿನವೇ ಲೋಟ ಎತ್ತಿ ಹಿಡಿದು ಗಾಬರಿಯಾದ. "ಇಷ್ಟ ದಿನಾ ನನಗ ಇದನ್ನ ಕುಡಸ್ತಿದ್ದಿ ಏನಲೇ? ಇದರಾಗ ಅರ್ಧಾ ಪುಡೀನ ಐತಿ!" ಹೊಸ ಕಣ್ಣಿಗೆ ಮೊದಲು ಸಿಕ್ಕಿಬಿದ್ದದ್ದು ನನ್ನ ಚಹಾ. ಎರಡನೆಯದಾಗಿ ಸಿಕ್ಕಿಬಿದ್ದವನು ನಾನು, ನನ್ನ ಪಿಎಚ್.ಡಿ. ಪ್ರಬಂಧದ ಸಮೇತ. ಅದನ್ನು ಹೇಳಬೇಕಾದರೆ ಸ್ವಲ್ಪ ಹಿಂದಕ್ಕೆ ಹೋಗಬೇಕು. ಅವಸರವಿದ್ದವರು ಇಲ್ಲೇ ಇಳಿದುಬಿಡಿ, ಮುಂದೆ ಅಣಶಿ ಘಟ್ಟವಿದೆ, ತಿರುವು ಬಹಳ.

ನಾನು ಸಮುದ್ರ ವಿಜ್ಞಾನಿ. ನಗಬೇಡಿ. ಹಳಿಯಾಳದಲ್ಲಿ ಭತ್ತದ ಗದ್ದೆಗೆ ನಿಂತ ನೀರನ್ನು ಬಿಟ್ಟರೆ ದೊಡ್ಡ ಜಲರಾಶಿ ಇಲ್ಲ ಎನ್ನುವುದು ನನಗೂ ಗೊತ್ತು. ಇಲ್ಲಿನ ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುತ್ತೇನೆ, ಅಂದರೆ ವರ್ಷಕ್ಕೆ ಎಂಟು ತಿಂಗಳು ದಾರಕ್ಕೆ ಕಟ್ಟಿದ ಗುಂಡನ್ನು ತೂಗಾಡಿಸುತ್ತೇನೆ. ಆದರೆ ಹೆಸರಿನ ಮುಂದೆ ಇರುವ 'ಡಾ.' ಮಾತ್ರ ಅರಬ್ಬೀ ಸಮುದ್ರ ಕೊಟ್ಟದ್ದು.

ಕೊಟ್ಟಿತು ಎಂದರೆ ಕೈಯಾರೆ ಕೊಟ್ಟಿತೆಂದು ತಿಳಿಯಬೇಡಿ. ತೊಂಬತ್ತರ ದಶಕದ ಕೊನೆಯಲ್ಲಿ ನಾನು ಸಂಶೋಧನೆ ಮಾಡಿದ್ದು ಕಿಟಕಿಯೇ ಇಲ್ಲದ ಒಂದು ಕೋಣೆಯಲ್ಲಿ. ಕಂಪ್ಯೂಟರಿಗೆ ಸೆಕೆಯಾಗಬಾರದೆಂದು ಅಲ್ಲಿ ಎ.ಸಿ. ಇತ್ತು, ಸಂಶೋಧಕ ಸ್ವೆಟರ್ ಹಾಕಿಕೊಳ್ಳುತ್ತಿದ್ದ. ಸಮುದ್ರ ನನಗೆ ಸಿ.ಡಿ.ಯಲ್ಲಿ ಬರುತ್ತಿತ್ತು. ಏಳೆಂಟುನೂರು ಕಿಲೋಮೀಟರ್ ಎತ್ತರದಿಂದ ಉಪಗ್ರಹವು ನೀರಿನ ಬಣ್ಣ ನೋಡುತ್ತದೆ. ನೀಲಿಯಾಗಿದ್ದರೆ ಅಲ್ಲಿ ಏನಿಲ್ಲ, ಬಣ್ಣ ಹಸಿರಿಗೆ ತಿರುಗಿದರೆ ಪಾಚಿ ಇದೆ, ಪಾಚಿ ಇದ್ದಲ್ಲಿ ಮೀನಿಗೆ ಊಟ. ನಮ್ಮ ಸೂತ್ರ ಆ ಹಸಿರು ಪಾಚಿಯನ್ನು ಲೆಕ್ಕ ಹಾಕಿ ಪರದೆಯ ಮೇಲೆ ಕೆಂಪಾಗಿ ತೋರಿಸುತ್ತಿತ್ತು. ಯಾಕೆ ಕೆಂಪು ಎಂದು ಕೇಳಿದರೆ ನೀವು ವಿಜ್ಞಾನಕ್ಕೆ ಲಾಯಕ್ಕಲ್ಲ. ಉಪಗ್ರಹದ ಕಣ್ಣಿಗೆ ಒಂದೇ ಒಂದು ಅಡ್ಡಿ, ಮೋಡ. ನಮ್ಮ ಕರಾವಳಿಯಲ್ಲಿ ನಾಲ್ಕು ತಿಂಗಳು ಮೋಡವೇ. ಸಮುದ್ರದಲ್ಲಿ ಏನಾದರೂ ನಡೆಯುವುದೂ ಆ ನಾಲ್ಕು ತಿಂಗಳೇ. ಆಗ ನಾವು ಚಹಾ ಕುಡಿಯುತ್ತಿದ್ದೆವು.

ಮಳೆ ನಿಂತು ಮೋಡ ಸರಿದ ಮೇಲಿನ ಒಂದು ಚಿತ್ರದಲ್ಲಿ ನನ್ನ ಭಾಗ್ಯ ತೆರೆಯಿತು. ಕಾರವಾರದ ಹತ್ತಿರ, ಕಾಳಿ ನದಿ ಕಡಲು ಸೇರುವಲ್ಲಿ, ಅಂಗೈಯಗಲದ ಕೆಂಪು ಮಚ್ಚೆ! ಇಷ್ಟೊಂದು ಪಾಚಿ ಅಲ್ಲಿದೆಯೆಂದು ಯಾರೂ ಹೇಳಿರಲಿಲ್ಲ. ನನ್ನ ಮಾರ್ಗದರ್ಶಕರು ನಾಲ್ಕು ವರ್ಷದಲ್ಲಿ ಮೊದಲ ಬಾರಿಗೆ ನನ್ನನ್ನು ಹೆಸರು ಹಿಡಿದು ಕರೆದರು. ಪ್ರಬಂಧದ ಬೆನ್ನೆಲುಬೇ ಆ ಮಚ್ಚೆಯಾಯಿತು. ಅದರ ಬಣ್ಣದ ಪ್ರಿಂಟು ತೆಗೆದುಕೊಂಡು ದಂಡೇಲಿಗೆ, ನಮ್ಮ ಕ್ವಾರ್ಟರ್ಸಿಗೆ, ಮದುವೆ ಫೋಟೋ ತಂದವನಂತೆ ಬಂದೆ.

ಅಪ್ಪ ಆಗ ಕಾಗದದ ಮಿಲ್ಲಿನ ಪ್ರಯೋಗಾಲಯದಲ್ಲಿ ಸಹಾಯಕ. ಧಾರವಾಡ ಕಡೆಯ ಹಳ್ಳಿಯಿಂದ ಬಂದು, ಇಂಗ್ಲಿಷಿನಲ್ಲಿ ಬಾಟಲಿಯ ಚೀಟಿ ಓದುವಷ್ಟು ಮಾತ್ರ ಕಲಿತವನು. ಅದೇ ಕಾಳಿ ನದಿಯಿಂದ ಮಿಲ್ಲಿನೊಳಗೆ ಬರುವ ನೀರನ್ನು ಪರೀಕ್ಷಿಸುವುದು ಅವನ ಕೆಲಸ. ಮೊದಲು ಗಾಜಿನ ಕೊಳವೆಯನ್ನು ಬೆಳಕಿಗೆ ಹಿಡಿದು ಬಣ್ಣ ನೋಡುವುದು, ಆಮೇಲೆ ಸೋಸುವ ಕಾಗದದ ಮೇಲೆ ಸುರಿದು ಕಾಗದದ ಮೇಲೇನು ಉಳಿಯಿತು ನೋಡುವುದು. "ಬಣ್ಣ ನೋಡಿ ಬರ್ಯಾಂಗಿಲ್ಲ, ಸೋಸಿ ಬರೀಬೇಕು" ಎನ್ನುವುದು ಅವನು ಹೊಸಬರಿಗೆ ಕಲಿಸುತ್ತಿದ್ದ ಒಂದೇ ಪಾಠ. ಮನೆಯಲ್ಲಿ ಸಾರನ್ನೂ ಅವನು ಹಾಗೇ ನೋಡುತ್ತಿದ್ದ, ಅವ್ವ ಸಿಟ್ಟಿಗೇಳುತ್ತಿದ್ದಳು.

ನನ್ನ ಚಿತ್ರವನ್ನು ಬಹಳ ಹೊತ್ತು ನೋಡಿದ. "ಯಾವ ತಿಂಗಳದ್ದು?"

"ಮಳಿ ನಿಂತ ಮ್ಯಾಲಿಂದು."

"ಸೋಸಿ ನೋಡಿಯೇನು?"

"ಅಪ್ಪಾ, ಅದು ಮುಗಿಲ ಮ್ಯಾಲ ಐತಿ. ಅದು ಹೆಂಗ ಸೋಸ್ತೈತಿ?"

"ಅದಕ್ಕ ಕೈ ಇಲ್ಲ, ಖರೆ. ನಿನಗ ಅದಾವಲ್ಲ?"

ಮಳೆಗಾಲದಲ್ಲಿ ಬರುವ ಕೆಂಪು ನೀರು ಮಣ್ಣಿನದು, ಲೋಟದಲ್ಲಿಟ್ಟರೆ ತಳಕ್ಕೆ ಕೂರುತ್ತದೆ. ಮಳೆ ನಿಂತ ಮೇಲೆ ಜೋಯಿಡಾ ಕಾಡಿನ ಕೊಳೆತ ಎಲೆಯ ಬಣ್ಣ ಇಳಿದು ಬರುವ ನೀರು ಬೇರೆ, ಅದು ತಿಳಿ ಚಹಾದ ಹಾಗೆ, ಎಷ್ಟು ಸೋಸಿದರೂ ಬಣ್ಣ ಹೋಗುವುದಿಲ್ಲ ಎಂದು ಅಪ್ಪ ಹೇಳಿದ. ಅದೇ ನೀರು ಕಡಲಿಗೆ ಹೋಗಿ ನಿನ್ನ ಉಪಗ್ರಹಕ್ಕೆ ಪಾಚಿಯಾಗಿ ಕಂಡಿರಬಾರದೇಕೆ ಎಂದ. ನಾನು ದೊಡ್ಡದಾಗಿ ನಕ್ಕೆ.

ಆಗಲೂ ಮಳೆ ನಿಂತ ಹೊಸತು. ಆ ಭಾನುವಾರ ಅಪ್ಪ ನನ್ನನ್ನು ಕಾರವಾರದ ಬಸ್ಸಿಗೆ ಹತ್ತಿಸಿದ. ಕೈಯಲ್ಲಿ ಎಷ್ಟು ತೊಳೆದರೂ ಉಪ್ಪಿನಕಾಯಿಯ ವಾಸನೆ ಬಿಡದ ಮೂರು ಬಾಟಲಿ. ಒಂದನ್ನು ಗಣೇಶಗುಡಿಯಲ್ಲಿ ಬಸ್ಸು ನಿಂತಾಗ ಓಡಿಹೋಗಿ ಕಾಳಿಯಲ್ಲಿ ತುಂಬಿದ. ಇನ್ನೊಂದನ್ನು ಅಣಶಿಯ ಹಳ್ಳದಲ್ಲಿ. ಡ್ರೈವರ್ ಹಾರ್ನ್ ಬಾರಿಸುತ್ತಿದ್ದರೂ ಬಾಟಲಿಯನ್ನು ಅದೇ ನೀರಿನಲ್ಲಿ ಎರಡು ಬಾರಿ ಗಲಬರಿಸದೆ ಮೇಲೆ ಬರಲಿಲ್ಲ. ಮೂರನೆಯದಕ್ಕಾಗಿ ಕಾರವಾರದಲ್ಲಿ ಒಬ್ಬ ಮೀನುಗಾರನ ದೋಣಿ ಹತ್ತಿದೆವು. ಸಮುದ್ರದ ಮೇಲೆ ನಾಲ್ಕು ವರ್ಷ ಸಂಶೋಧನೆ ಮಾಡಿದ ನಾನು ಸಮುದ್ರದ ಮೇಲೆ ಹೋದದ್ದು ಅದೇ ಮೊದಲು. ದಡ ಕಣ್ಮರೆಯಾಗುವ ಮುಂಚೆಯೇ ಬೆಳಗಿನ ಅವಲಕ್ಕಿಯೆಲ್ಲ ಅರಬ್ಬೀ ಸಮುದ್ರಕ್ಕೆ ಅರ್ಪಣೆಯಾಯಿತು. ನನ್ನ ಬೆನ್ನು ಸವರುತ್ತಲೇ ಅಪ್ಪ ಹೆಮ್ಮೆಯಿಂದ, "ನನ್ನ ಮಗ್ರಿ. ಸಮುದ್ರದ ಡಾಕ್ಟರ್ ಆಗಾಂವ ಅದಾನ" ಎಂದ. ದೋಣಿಯವನು ನನ್ನನ್ನು ಮೇಲಿನಿಂದ ಕೆಳಗೆ ನೋಡಿ, "ಡಾಕ್ಟ್ರಿಗೇ ವಾಂತಿ ಬಂತಲ್ಲ ಮಾರಾಯ್ರೆ" ಎಂದ.

ಮನೆಗೆ ಬಂದು ಅಪ್ಪ ಮೂರನ್ನೂ ಸೋಸಿದ. ಕಡಲಿನ ಬಾಟಲಿಯ ಕಾಗದವನ್ನು ಒಣಗಿಸಿ ಕಿಟಕಿಗೆ ಹಿಡಿದ. ಹೆಚ್ಚುಕಡಿಮೆ ಬಿಳಿಯಾಗಿಯೇ ಇತ್ತು. "ನೋಡು, ಪಾಚಿ ಇದ್ದಿದ್ರ ಇಲ್ಲಿ ಹಸರು ನಿಲ್ಲಬೇಕಿತ್ತು. ಬಣ್ಣ ಎಲ್ಲಾ ನೀರಿನಾಗ ಕೆಳಗ ಇಳದೈತಿ. ಇದು ಎಲಿ ನೀರು."

"ಒಂದ ಬಾಟ್ಲಿ ನೋಡಿ ಹೆಂಗ ಹೇಳೂದಪ್ಪಾ? ವಿಜ್ಞಾನದಾಗ ಹಂಗ ನಡ್ಯಾಂಗಿಲ್ಲ."

"ಹಂಗಾರ ಒಂದ ಬಾಟ್ಲಿ ಅಂತನ ಬರಿ. ಅದರಾಗ ಸುಳ್ಳೇನೈತಿ?"

ಸುಳ್ಳೇನೂ ಇರಲಿಲ್ಲ. ಆದರೆ ಪ್ರಬಂಧ ಸಲ್ಲಿಸಲು ಹದಿನೈದು ದಿನ ಉಳಿದಿತ್ತು. ಆ ಒಂದು ಸಾಲು ಬರೆದರೆ ಮಚ್ಚೆ ಹೋಗುತ್ತದೆ, ಮಚ್ಚೆ ಹೋದರೆ ಡಾಕ್ಟರೂ ಹೋಗುತ್ತಾನೆ. ಮಾರ್ಗದರ್ಶಕರ ಮುಂದೆ ಬಾಯಿ ಬಿಡಲಿಲ್ಲ. ಬರೆಯಲಿಲ್ಲ. ಪದವಿ ಬಂತು, ಹಳಿಯಾಳದ ನೌಕರಿ ಬಂತು, ದಾರಕ್ಕೆ ಕಟ್ಟಿದ ಗುಂಡು ಬಂತು. ನನ್ನ ಮಚ್ಚೆಯನ್ನು ನಂಬಿ ಮುಂದೆ ಇನ್ನಿಬ್ಬರು ಡಾಕ್ಟರಾದರೆಂದು ಕೇಳಿದ್ದೇನೆ. ಎಲೆ ನೀರಿಗೆ ಎಂಥ ಶಕ್ತಿ ನೋಡಿ!

ರಟ್ಟು ಕಟ್ಟಿಸಿದ ಪ್ರಬಂಧವನ್ನು ತಂದು ಕೊಟ್ಟ ದಿನ ಅಪ್ಪ ಒಂದೇ ಪ್ರಶ್ನೆ ಕೇಳಿದ್ದ. "ಎಲಿ ನೀರಿಂದು ಬರದೀಯೇನು?"

"ಬರದೀನಪ್ಪಾ."

"ಎಲ್ಲಿ, ತೋರಸು."

ನಾನು ಪುಸ್ತಕ ತೆರೆದು, ಕಣ್ಣಿಗೆ ಬಿದ್ದ ಒಂದು ಪುಟದ ನಡುವೆ ಬೆರಳಿಟ್ಟೆ. ಅಪ್ಪ ಆ ಸಾಲುಗಳನ್ನು ಒಮ್ಮೆ ಸವರಿ, ಜೇಬಿನಿಂದ, ನೀರು ತರಲು ಹೋದ ದಿನದ ಕಾರವಾರ ಬಸ್ಸಿನ ಟಿಕೀಟು ತೆಗೆದು ಅಲ್ಲಿಟ್ಟ. ಆಮೇಲೆ ಬಂದವರಿಗೆಲ್ಲ ಅದೇ ಪುಟ ತೆರೆದು ತೋರಿಸುವುದು: "ಇಷ್ಟೂ ನನ್ನ ಮಗಂದು. ಇದೊಂದ ಹಾಳಿ ಮಾತ್ರ ನಂದು." ಬಂದವರಿಗೂ ಇಂಗ್ಲಿಷ್ ಬಾರದಿದ್ದದ್ದು ನನ್ನ ಪುಣ್ಯ.

ಹೋದ ತಿಂಗಳು ಹೊಸ ಕಣ್ಣು ಬಂತಲ್ಲ, ಅಪ್ಪ ಆ ಪುಸ್ತಕವನ್ನೂ ಚೀಲದಲ್ಲಿ ತಂದಿದ್ದ. ನಾನು ಅಡುಗೆಮನೆಯಲ್ಲಿ, ಛೀಮಾರಿಯ ನಂತರ ಎರಡನೆಯ ಸಲ ಚಹಾ ಸೋಸುತ್ತಿದ್ದೆ. ಹೊರಗೆ ಅಪ್ಪ ನನ್ನ ಮಗಳಿಗೆ ಹೇಳುತ್ತಿದ್ದ: "ಈ ಚೀಟಿ ಇಟ್ಟ ಹಾಳಿ ಓದವ್ವ. ಓದಿ ಕನ್ನಡದಾಗ ಹೇಳು."

ಆಕೆ ಓದಿದಳು. "ಅಜ್ಜಾ, ಇದರಾಗ ಚಿತ್ರದಾಗಿನ ಮೋಡ ಹೆಂಗ ತಗೀಬೇಕು ಅಂತ ಐತಿ."

"ಎಲಿ ನೀರು?"

"ಇಲ್ಲಜ್ಜ."

"ಹಾಳಿ ತಪ್ಪಿರಬೇಕು. ಚೀಟಿ ಜರಗಿರತೈತಿ. ಮುಂದಿಂದು ನೋಡು."

ಆಕೆ ಮುಂದಿನದು ನೋಡಿದಳು. ಹಿಂದಿನದು ನೋಡಿದಳು. ಪುಟ ತಿರುವುವ ಸದ್ದು ಅಡುಗೆಮನೆಗೆ ಕೇಳುತ್ತಿತ್ತು. ನಾನು ಅದೇ ಚಹಾವನ್ನು ಮೂರನೆಯ ಸಲವೂ ಸೋಸಿದೆ. ಇಷ್ಟು ವರ್ಷ ನಾನು ಹೆದರಿದ್ದು ಯಾವುದೋ ವಿಶ್ವವಿದ್ಯಾಲಯಕ್ಕೆ ಎಂದುಕೊಂಡಿದ್ದೆ. ಅಲ್ಲ, ಈ ಸದ್ದಿಗೆ.

ಹೊರಗೆ ಹೋಗಿ ಹೇಳಿದೆ. "ಚೀಟಿ ಜರಗಿಲ್ಲಪ್ಪಾ. ನಾ ಬರದ ಇಲ್ಲ."

ಅಪ್ಪ ಟಿಕೀಟನ್ನು ತೆಗೆದು ಬೆಳಕಿಗೆ ಹಿಡಿದ. ಅದರ ಮೇಲಿನ ಅಕ್ಷರ ಯಾವಾಗಲೋ ಮಾಸಿತ್ತು. ಅದನ್ನು ಮತ್ತೆ ಜೇಬಿಗೆ ಹಾಕಿಕೊಂಡು, "ಈಗ ಬರಿ" ಎಂದ. "ಇಂಗ್ಲಿಷಿನಾಗ ಬ್ಯಾಡ. ನಾ ಓದಬೇಕು."

ಅದಕ್ಕೇ ಇದನ್ನು ಕನ್ನಡದಲ್ಲಿ ಬರೆದೆ. ಕಾರವಾರದ ಕಡಲಿನಲ್ಲಿ ನಾನು ಕಂಡುಹಿಡಿದ ಪಾಚಿ, ಕಾಡಿನ ಎಲೆಯ ನೀರಿರಬೇಕು. ಸೋಸಿ ನೋಡಿದವನು ನಮ್ಮಪ್ಪ. ಒಂದೇ ಬಾಟಲಿ.

ಇಷ್ಟನ್ನು ಪ್ರಿಂಟು ತೆಗೆಸಿ ಇವತ್ತು ಬೆಳಿಗ್ಗೆ ಅವನ ಕೈಗೆ ಕೊಟ್ಟೆ. ಮಿಲ್ಲಿನ ಮನುಷ್ಯ, ಮೊದಲು ಹಾಳೆಯನ್ನು ಕಿಟಕಿಗೆ ಎತ್ತಿ ಹಿಡಿದು ನೋಡಿದ. "ಕಾಗದ ಹಗುರ ಐತಿ" ಎಂದ. ಆಮೇಲೆ ಕನ್ನಡಕ ಹಾಕಿಕೊಂಡ. ನಾನು ಮೆಲ್ಲಗೆ ಅಡುಗೆಮನೆಯ ಕಡೆ ಕಾಲು ಕಿತ್ತೆ.

"ಎಲ್ಲಿ ಹೊಂಟಿ? ಓದಿ ಮುಗಸೂಮಟಾ ಇಲ್ಲೇ ಕುಂದ್ರು."

ಕುಳಿತಿದ್ದೇನೆ.