ರೇಕಿಗೆ ಅವ್ವ ಹಿಡಿದ ಪಥ್ಯ

ನಾನು ರೇಕಿ ಕಲಿತದ್ದು ನನ್ನ ಬಲಭುಜದ ಸಲುವಾಗಿ. ಅದು ಹೋಗಿ ದೇವದುರ್ಗದಲ್ಲಿರುವ ನಮ್ಮವ್ವನ ಬಿ.ಪಿ. ಗುಳಿಗೆಗೆ ಅಡ್ಡ ಬರುತ್ತದೆ ಎಂದು ಯಾರಿಗೆ ಗೊತ್ತಿತ್ತು?

ಮಾನ್ವಿಯಲ್ಲಿ ನಮ್ಮ ಮನೆಯ ಮುಂದಿನ ಕೋಣೆಯಲ್ಲೇ ನನ್ನ ಹೊಲಿಗೆ ಮಷಿನ್ ಇದೆ. ಓಣಿಯ ಅರ್ಧ ಕುಪ್ಪಸಗಳು ನನ್ನ ಕತ್ತರಿ ಕೆಳಗೇ ಹಾದುಹೋಗಿವೆ ಎಂದು ಜಂಬದಿಂದಲೇ ಹೇಳುತ್ತೇನೆ. ಹೋದ ವರ್ಷ ಭುಜ ಬಿಗಿದುಕೊಂಡಿತು. ಕೈ ಕಿವಿಯ ಮಟ್ಟಕ್ಕೂ ಏಳದು, ಮಲಗಿದಲ್ಲಿ ಮಗ್ಗಲು ಬದಲಿಸಿದರೆ ಜೀವ ಹೋದಂಥ ನೋವು. ರಾಯಚೂರಿನ ಎಲುಬಿನ ಡಾಕ್ಟರು ಗೋಡೆಯ ಮೇಲೆ ಬೆರಳು ನಡೆಸಿ ಕೈ ಏರಿಸುವ ವ್ಯಾಯಾಮ ತೋರಿಸಿ, ತಿಂಗಳುಗಟ್ಟಲೆ ಹಿಡಿಯುತ್ತದೆ ಎಂದರು. ಅಲ್ಲಿಯ ಬೆಂಚಿನ ಮೇಲೆ ಪಕ್ಕದಲ್ಲಿ ಕೂತಿದ್ದ ಹೆಂಗಸು, ಮೈಮೇಲೆ ಅಂಗೈ ಇಟ್ಟೇ ನೋವು ಇಳಿಸುವ ಜಪಾನಿನ ವಿದ್ಯೆಯಂತೆ ಎಂದು ರೇಕಿ ಕ್ಲಾಸಿನ ಸುದ್ದಿ ತೆಗೆದಳು. ನನಗೆ ನಂಬಿಕೆಗಿಂತ ಕುತೂಹಲದ ಚಟ ಹೆಚ್ಚು. ಮುಟ್ಟಿ ನೋಡದೆ ಯಾವುದನ್ನೂ ಬಿಡುವವಳಲ್ಲ.

ರವಿವಾರ ಕಲ್ಲೂರಿನ ಮೇಲೆ ಹೋಗುವ ಬಸ್ಸು ಹಿಡಿದು ರಾಯಚೂರಿಗೆ ಹೋದೆ. ಕಲಿಸುವವರು ನಿವೃತ್ತ ನರ್ಸು. ಮಹಡಿಯ ಕೋಣೆಯಲ್ಲಿ ಚಾಪೆ ಹಾಸಿ, ನಮ್ಮ ತಲೆಯ ಮೇಲೆ ಕೈಯಿಟ್ಟು ದೀಕ್ಷೆ ಕೊಟ್ಟರು. ಇನ್ನು ಅಂಗೈಯಲ್ಲಿ ಬಿಸಿ ತಿಳಿಯುತ್ತದೆ ಎಂದರು. ನನಗೆ ಬಾಯಿ ತಡೆಯಲಿಲ್ಲ.

"ಮೇಡಮ್ಮರ, ರಾಯಚೂರು ಬಿಸಲಾಗ ಕೈ ಬಿಸಿ ಆಗದ ತಣ್ಣಗ ಇರತಾವೇನ್ರೀ?"

ಎಲ್ಲರೂ ನಕ್ಕರು, ಅವರೂ ನಕ್ಕರು. "ಬಿಸಿ ಎಲ್ಲಿಂದ ಬರತದೋ ನನಗೂ ಗೊತ್ತಿಲ್ಲ ಯವ್ವಾ. ನಿದ್ದಿ ಬರತದ, ಹೆದರಿಕಿ ಇಳೀತದ, ಇಷ್ಟು ನಾ ಕಣ್ಣಾರೆ ನೋಡೀನಿ. ಶುಗರ್ ಹೋಗತದ, ಗಡ್ಡಿ ಕರಗತದ ಅಂತ ಯಾರಾರ ಅಂದ್ರ ಅವರ ಹಂತ್ಯಾಕ ಹೋಗಬ್ಯಾಡ್ರಿ. ಡಾಕ್ಟರ್ ಕೊಟ್ಟ ಗುಳಿಗಿ ಬಿಡಬ್ಯಾಡ್ರಿ" ಎಂದರು. ಆ ಮಾತಿಗೇ ನನಗೆ ಅವರ ಮೇಲೆ ವಿಶ್ವಾಸ ಹುಟ್ಟಿತು.

ದಿನಾ ಬೆಳಿಗ್ಗೆ ಮಷಿನ್ ಮುಟ್ಟುವ ಮೊದಲು ಕಣ್ಣು, ಗಂಟಲು, ಎದೆ, ಭುಜದ ಮೇಲೆ ಅಂಗೈ ಇಟ್ಟು ಸುಮ್ಮನೆ ಮಲಗುತ್ತಿದ್ದೆ. ಇವತ್ತೊಂದು ದಿನ ಸಿಟ್ಟು ಮಾಡುವುದಿಲ್ಲ ಎಂದು ಮನಸ್ಸಿನಲ್ಲೇ ಹೇಳಿಕೊಳ್ಳಬೇಕು. ಕುಪ್ಪಸ ಬಿಗಿಯಾಯಿತು ಎಂದು ಗಿರಾಕಿ ಬಾಗಿಲಿಗೆ ಬರುವ ತನಕ ಅದು ನಡೆಯುತ್ತಿತ್ತು. ಆದರೆ ನಿದ್ದೆ ಮಾತ್ರ ನಿಜವಾಗಿ ಬಂತು. ಕೈಯ ಶಕ್ತಿಯೋ, ಅಷ್ಟು ಹೊತ್ತು ಯಾರೂ ನನ್ನನ್ನು ಕರೆಯದ ಪುಣ್ಯವೋ, ಇವತ್ತಿಗೂ ಹೇಳಲಾರೆ. ಪರೀಕ್ಷೆ ಮಾಡೋಣವೆಂದು ಕೆಲವು ದಿನ ಗೋಡೆಯ ವ್ಯಾಯಾಮ ಬಿಟ್ಟು ಬರೀ ರೇಕಿ ಮಾಡಿದೆ. ನೋವು ಹೆಚ್ಚಲಿಲ್ಲ, ಆದರೆ ಕೈ ಏರಿದಷ್ಟಕ್ಕೇ ನಿಂತುಬಿಟ್ಟಿತು. ಮತ್ತೆ ಗೋಡೆ ಹಿಡಿದೆ, ಮತ್ತೆ ಏರತೊಡಗಿತು.

ಇದನ್ನೆಲ್ಲ ದೇವದುರ್ಗಕ್ಕೆ ಹೋದಾಗ ಅವ್ವನಿಗೆ ಹೇಳಿದೆ. ಅವಳಿರುವುದು ಅಣ್ಣನ ಮನೆಯಲ್ಲಿ. ಸೊಸೆ, ಮೊಮ್ಮಕ್ಕಳು, ಬಂದು ಹೋಗುವವರು ಎಂದು ಮನೆ ಸದಾ ಗಿಜಿಗಿಜಿ. ಬಹಳ ವರ್ಷಗಳಿಂದ ಬಿ.ಪಿ. ಗುಳಿಗೆ ನುಂಗುತ್ತಾ ಬಂದವಳು. "ನನಗೂ ಒಂದೀಟು ಕೈ ಹಚ್ಚು" ಎಂದಳು. ತಲೆಯ ಮೇಲೆ ಕೈಯಿಟ್ಟು ಕೂತೆ. ಸ್ವಲ್ಪ ಹೊತ್ತಿಗೆಲ್ಲ ಗೊರಕೆ ಹೊಡೆದಳು.

ಮುಂದಿನ ತಿಂಗಳು ಹೋದಾಗ ಅತ್ತಿಗೆ ಎಣ್ಣೆಗಾಯಿ ಮಾಡಿದ್ದರು. ಬದನೆಕಾಯಿ ಎಂದರೆ ಪ್ರಾಣ ಬಿಡುವ ಅವ್ವ ತಟ್ಟೆಯನ್ನು ಅತ್ತ ಸರಿಸಿದಳು. ಏಳುವಾಗ ಕಣ್ಣು ಕತ್ತಲಿಟ್ಟು ಗೋಡೆ ಹಿಡಿದಳು.

"ಯಾಕ ಯವ್ವಾ, ಬದನಿಕಾಯಿ ಯಾಕ ಒಲ್ಲಿ?"

"ಪಥ್ಯ ಅದ. ನೀ ಕೈ ಹಚ್ಚೀದಿ ಅಲ್ಲಾ?"

ನಮ್ಮ ಕಡೆ ಕಾಮಾಲೆಗೆ ಬೇರಿನ ಔಷಧ ತೆಗೆದುಕೊಂಡವರು ಬದನೆಕಾಯಿ, ಹುಳಿ ಬಿಡುತ್ತಾರೆ. ಇಂಗ್ಲಿಷ್ ಔಷಧವನ್ನೂ ಮುಟ್ಟುವುದಿಲ್ಲ. ನನಗೆ ಬಿ.ಪಿ. ಗುಳಿಗೆ ನೆನಪಾಯಿತು. ಹುಡುಕಿದರೆ ಗುಳಿಗೆಯ ಪಟ್ಟಿಗಳು ದೇವರ ಜಗಲಿಯ ಮೇಲೆ ಒಡೆಯದೆ ಕೂತಿದ್ದವು. "ಎರಡು ಔಷಧ ಹೊಟ್ಯಾಗ ಜಗಳ ಆಡತಾವ" ಎಂದು ಅವಳೇ ನನಗೆ ತಿಳಿಹೇಳಿದಳು.

ಆಟೋದಲ್ಲಿ ಆಸ್ಪತ್ರೆಗೆ ಓಡಿದೆವು. ಬಿ.ಪಿ. ನೋಡಿದ ಡಾಕ್ಟರ ಮುಖ ಗಂಭೀರವಾಯಿತು. "ಇವತ್ತಿಂದನ ಗುಳಿಗಿ ಚಾಲೂ ಮಾಡ್ರಿ. ಇಲ್ಲಂದ್ರ ಲಕ್ವಾ ಹೊಡೀತದ" ಎಂದರು. ಅವ್ವ ತಲೆ ಆಡಿಸಿ ಮನೆಗೆ ಬಂದು, ಗುಳಿಗೆ ಕಂಡೊಡನೆ ಬಾಯಿ ಬಿಗಿ ಹಿಡಿದಳು. ಅಣ್ಣ ಕೂಗಾಡಿದ. ರೇಕಿಗೆ ಪಥ್ಯವೇ ಇಲ್ಲ, ಮೇಡಮ್ಮರೇ ಹೇಳಿದ್ದಾರೆ ಎಂದು ನಾನು ಗಂಟಲು ಹರಿದುಕೊಂಡೆ. ಹೆದರಿಕೆಗೆ ನನಗೆ ಅಳುವೇ ಬಂತು.

"ಪಥ್ಯ ಮುರಿದ್ರ ನೀ ಹಚ್ಚಿದ್ದು ಸುಳ್ಳಾಗತದ" ಎಂಬುದೊಂದೇ ಅವಳ ಮಾತು.

ಆಗ ಹೊಳೆಯಿತು. ಪಥ್ಯವನ್ನು ಹಿಡಿದವರು ತಾವೇ ಬಿಡುವಂತಿಲ್ಲ, ಔಷಧ ಕೊಟ್ಟವರೇ ಕರೆದು ಉಣಿಸಿ ಬಿಡಿಸಬೇಕು. ಅವ್ವನ ಲೆಕ್ಕದಲ್ಲಿ ಕೊಟ್ಟವಳು ನಾನು. ನಗು ಬಂತು, ನಾಚಿಕೆಯೂ ಆಯಿತು, ಆದರೆ ಬೇರೆ ದಾರಿ ಇರಲಿಲ್ಲ. ಎದುರಿಗೆ ಕೂತು, ಅವಳ ತಲೆ ಮುಟ್ಟಿ, ರೊಟ್ಟಿಯ ತುತ್ತಿನಲ್ಲಿ ಎಣ್ಣೆಗಾಯಿ ಹಿಡಿದು ಬಾಯಿಗೆ ಇಟ್ಟೆ. "ಯವ್ವಾ, ನಿನ್ನ ಪಥ್ಯ ಬಿಡಿಸೀನಿ" ಎಂದೆ. ಕಣ್ಣು ಮುಚ್ಚಿ ನಿಧಾನಕ್ಕೆ ಅಗಿದಳು. ನುಂಗಿ, ತಾನೇ ಅಂಗೈ ಚಾಚಿದಳು. ಗುಳಿಗೆ ಇಟ್ಟೆ. ನೀರು ಕುಡಿದಳು.

ಜೀವ ಬಂದಂತಾಗಿ ಕೇಳಿದೆ: "ಇಷ್ಟು ವರ್ಷದ ಗುಳಿಗಿ ಬಿಟ್ಟು ನನ್ನ ಕೈ ಹ್ಯಾಂಗ ನಂಬಿದಿ ಬೇ?"

"ಗುಳಿಗಿ ಕೊಡಾಕ ಮನಿ ತುಂಬ ಮಂದಿ ಅದಾರ" ಎಂದಳು. "ನಮ್ಮವ್ವ ಹೋದಮ್ಯಾಲ ನನ್ನ ತಲಿ ಮ್ಯಾಲ ಕೈ ಇಟ್ಟಾಕಿ ನೀ ಒಬ್ಬಾಕಿನ."

ಹಾಗೆಂದು ಅಲ್ಲೇ ಚಾಪೆಯ ಮೇಲೆ ಅಡ್ಡಾದಳು. ನಾನು ಕೈ ತೊಳೆದು ಬಂದು ಅವಳ ತಲೆದೆಸೆಗೆ ಕೂತೆ.