ಹಾಲು ರೊಟ್ಟಿ ತಿಂದು ಬೆಳೆದ ಬೆಕ್ಕು

ಈ ಊರಿಗೆ ಬಂದ ಮೊದಲ ವಾರ ಪಕ್ಕದ ಮನೆಯವರು ಬಾಗಿಲು ತಟ್ಟಿ ನನ್ನ ಮುಂದೆ ಒಂದು ತಟ್ಟೆ ಹಿಡಿದರು. ತಟ್ಟೆಯ ತುಂಬ ಮೀನಿನ ತಲೆಗಳು. ಅಷ್ಟೂ ಕಣ್ಣುಗಳು ನನ್ನನ್ನೇ ನೋಡುತ್ತಿದ್ದವು. ನಾನು ವಿಜಯಪುರದ ಕಡೆಯ ಹಳ್ಳಿಯವಳು, ಮೊಟ್ಟೆಯನ್ನೂ ಹೊಸ್ತಿಲೊಳಗೆ ಬಿಟ್ಟುಕೊಳ್ಳದ ಲಿಂಗಾಯತರ ಮನೆಯಲ್ಲಿ ಬೆಳೆದವಳು. ಮೂಗು ಮುಚ್ಚಿಕೊಳ್ಳಬಾರದು ಎಂದು ಗೊತ್ತಿತ್ತು, ಆದರೂ ಕೈ ಮೂಗಿಗೆ ಹೋಯಿತು.

“ನಿಮ್ಮ ಪುಚ್ಚೆಗೆ ತಂದದ್ದು ಟೀಚರ್. ಬೂತಾಯಿ. ಫ್ರೆಶ್ ಉಂಟು,” ಎಂದರು ವನಜಕ್ಕ. ಪುಚ್ಚೆ ಎಂದರೆ ತುಳುವಿನಲ್ಲಿ ಬೆಕ್ಕು. ಬೂತಾಯಿ ಇಲ್ಲಿಯ ದಿನನಿತ್ಯದ ಸಣ್ಣ ಮೀನು.

“ನಮ್ಮ ಬೆಕ್ಕು ಅದನ್ನೆಲ್ಲ ತಿನ್ನಂಗಿಲ್ರಿ. ಹಾಲು ರೊಟ್ಟಿ ಅಷ್ಟ.”

“ಬೆಕ್ಕು ಮೀನು ತಿನ್ನುದಿಲ್ವಾ? ಎಂತ ಹೇಳ್ತೀರಿ ಮಾರಾಯ್ರೆ,” ಎಂದು ನಕ್ಕು ಅವರು ತಟ್ಟೆ ವಾಪಸ್ ಒಯ್ದರು. ನಾನು ಬಾಗಿಲು ಹಾಕಿ ಊದಿನಕಡ್ಡಿ ಹಚ್ಚಿದೆ. ನನ್ನ ಬೆಕ್ಕು ಗೌರಿ ಬಾಗಿಲ ಸಂದಿಗೆ ಮೂಗಿಟ್ಟು ಬಹಳ ಹೊತ್ತು ಕೂಗಿದಳು. ಊರು ಹೊಸದು, ಹೆದರಿದ್ದಾಳೆ ಅಂದುಕೊಂಡೆ.

ಸುರತ್ಕಲ್‌ನ ಒಂದು ಖಾಸಗಿ ಶಾಲೆಯಲ್ಲಿ ಕನ್ನಡ ಕಲಿಸುವ ಕೆಲಸ ಸಿಕ್ಕಿ ನಾನಿಲ್ಲಿಗೆ ಬಂದು ಮೂರು ವರ್ಷ ದಾಟಿತು. ಹೊರಡುವ ದಿನ ಅವ್ವ ನಮ್ಮ ಮನೆಯ ಬೆಕ್ಕಿನ ಮರಿಯೊಂದನ್ನು ಬುಟ್ಟಿಯಲ್ಲಿಟ್ಟು, “ಒಬ್ಬಾಕಿನ ಇರಬ್ಯಾಡ, ಮನಿ ಜೀವ ಒಂದು ಜೋಡಿ ಇರ್ಲಿ” ಎಂದಿದ್ದಳು. ಅವಳೇ ಗೌರಿ. ನಮ್ಮ ಕಡೆ ಏನು ಅನ್ನುವುದಕ್ಕೆ ಇಲ್ಲಿ ಎಂತ ಅನ್ನಬೇಕು. ನಾನು ‘ಹೌದಲ್ರಿ’ ಎಂದರೆ ತರಗತಿಯ ಹಿಂದಿನ ಬೆಂಚು ನಗುತ್ತದೆ. ಕನ್ನಡದ ಟೀಚರಾಗಿ ಕನ್ನಡಕ್ಕೇ ನಗೆಗೀಡಾಗುವ ಕರ್ಮ ಯಾರಿಗೂ ಬೇಡ. ಸಂಜೆ ಮನೆಗೆ ಬಂದು ಬೆವರಿಗೆ ನೆನೆದ ಸೀರೆ ಬದಲಿಸಿ, ನನ್ನ ಭಾಷೆಯನ್ನು ಗೌರಿಯ ಹತ್ತಿರ ಮಾತ್ರ ಆಡುತ್ತಿದ್ದೆ.

ಊರಿನಲ್ಲಿ ಬೆಕ್ಕಿಗೆ ಬಾಗಿಲು ಎಂಬುದೇ ಇರಲಿಲ್ಲ. ಯಾವಾಗಲೋ ಹೋಗುತ್ತಿತ್ತು, ಯಾವಾಗಲೋ ಬರುತ್ತಿತ್ತು. ಇಲ್ಲಿ ಕಿಟಕಿಯ ಕೆಳಗೇ ಹೆದ್ದಾರಿ. ನಾನು ಬಂದ ತಿಂಗಳಲ್ಲೇ ಯಾರದೋ ಬೆಕ್ಕು ಲಾರಿಗೆ ಸಿಕ್ಕಿತು. ಅವತ್ತೇ ಕಿಟಕಿಗಳಿಗೆಲ್ಲ ಬಲೆ ಹೊಡೆಸಿದೆ. ಒಂದು ಟಬ್ಬಿನಲ್ಲಿ ಮರಳು ತುಂಬಿಟ್ಟೆ, ಉಗುರು ಕೆರೆಯಲು ಮೇಜಿನ ಕಾಲಿಗೆ ಗೋಣಿಚೀಲ ಸುತ್ತಿದೆ, ದಿನವೂ ಅರ್ಧ ಗಂಟೆ ದಾರ ಎಳೆದು ಆಡಿಸಿದೆ. ಹಾಲು ರೊಟ್ಟಿ, ಹಾಲು ಅನ್ನ, ಹಬ್ಬದ ದಿನ ತುಪ್ಪ. ಒಳಗೇ ಇರುವ ಬೆಕ್ಕನ್ನು ಇಷ್ಟು ಚೆನ್ನಾಗಿ ಯಾರು ಸಾಕಿಯಾರು ಎಂಬ ಜಂಬ ನನಗಿತ್ತು.

ಎರಡನೆಯ ವರ್ಷ ಗೌರಿ ಶಾಂತಳಾದಳು. ಕಿಟಕಿಗೆ ಜಿಗಿಯುವುದು ನಿಂತಿತು, ದಾರ ಎಳೆದರೆ ಸುಮ್ಮನೆ ಕಿವಿ ತಿರುಗಿಸುತ್ತಿದ್ದಳು. “ಹೊಂದ್ಕೊಂಡಾಳವ್ವ, ಈಗ ಹೊರಗಿನ ಖಬರೇ ಇಲ್ಲ,” ಎಂದು ಫೋನಿನಲ್ಲಿ ಹೇಳಿದೆ. ನಡುಮಧ್ಯಾಹ್ನದ ಬೆಳಕಿನಲ್ಲೂ ಅವಳ ಕಣ್ಣು ಪೂರಾ ಕಪ್ಪಗೆ, ದೊಡ್ಡದಾಗಿ ಇರುತ್ತಿತ್ತು. ಎಷ್ಟು ಚೆಂದ ಎಂದು ಫೋಟೋ ತೆಗೆದು ತಮ್ಮನಿಗೆ ಕಳಿಸಿದ್ದೆ. ಇದನ್ನು ಬರೆಯುವಾಗ ನಾಚಿಕೆಯಾಗುತ್ತದೆ.

ಕಳೆದ ಮಳೆಗಾಲದಲ್ಲಿ ಗೋಡೆ ಒದ್ದೆಯಾಗಿ ಮೇಜನ್ನು ಕೋಣೆಯ ನಡುವಿಗೆ ಎಳೆದೆ. ನನ್ನ ಹೆಜ್ಜೆ ಕೇಳಿ ಓಡಿ ಬಂದ ಗೌರಿ ಮೇಜಿನ ಕಾಲಿಗೆ ಮುಖ ಹೊಡೆದುಕೊಂಡಳು. ಎದ್ದು ಎರಡು ಹೆಜ್ಜೆ ಇಟ್ಟು ಮತ್ತೆ ಹೊಡೆದುಕೊಂಡಳು. ಅವಳ ಮುಖದ ಮುಂದೆ ಕೈಯಾಡಿಸಿದೆ. ಅವಳು ರೆಪ್ಪೆ ಬಡಿಯಲಿಲ್ಲ.

ವನಜಕ್ಕನೇ ನನ್ನೊಡನೆ ಹೊರಟರು. ಬುಟ್ಟಿಯನ್ನು ತೊಡೆಯ ಮೇಲಿಟ್ಟುಕೊಂಡು ಸಿಟಿ ಬಸ್ಸಿನಲ್ಲಿ, ನಂತೂರಿನ ಟ್ರಾಫಿಕ್ಕಿನಲ್ಲಿ ನಿಂತು ನಿಂತು, ಪ್ರಾಣಿಗಳ ಡಾಕ್ಟರ ಹತ್ತಿರ ಹೋದೆವು. ಅವರು ಕಣ್ಣಿಗೆ ಬೆಳಕು ಬಿಟ್ಟು ನೋಡಿದರು, ದೊಡ್ಡ ಕಪ್ಪು ಪಾಪೆ ಕಿರಿದಾಗಲೇ ಇಲ್ಲ; ಎದೆಗೆ ಸ್ಟೆತಸ್ಕೋಪ್ ಇಟ್ಟು ತುಂಬ ಹೊತ್ತು ಕೇಳಿದರು, ಆಮೇಲೆ ಸ್ಕ್ಯಾನ್ ಮಾಡಿದರು.

“ಊಟಕ್ಕೆ ಎಂತ ಕೊಡ್ತೀರಿ?”

“ಹಾಲು, ಅನ್ನ, ರೊಟ್ಟಿ.”

“ಮೀನು, ಮಾಂಸ?”

“ನಾವು ತಿನ್ನೂದಿಲ್ರಿ.”

“ನೀವಲ್ಲ ಮೇಡಂ, ಬೆಕ್ಕು.”

ನಾನು ವಾದಕ್ಕಿಳಿದೆ. ನಮ್ಮ ಅವ್ವ, ಅವಳ ಅತ್ತೆ, ಎಲ್ಲರೂ ಹಾಲು ರೊಟ್ಟಿ ಹಾಕಿಯೇ ಬೆಕ್ಕು ಸಾಕಿದವರು ಎಂದೆ. ಡಾಕ್ಟರು ತಾಳ್ಮೆಯಿಂದ ಕೇಳಿ, “ಅಲ್ಲಿ ಬೆಕ್ಕು ಹೊರಗೆ ಹೋಗ್ತಿತ್ತಾ?” ಎಂದರು.

ಆಗ ನನಗೆ ನಮ್ಮ ಮನೆಯ ಜೋಳದ ಚೀಲಗಳ ಕೋಣೆ, ಚೀಲದ ಹಿಂದಿನ ಇಲಿಗಳು ನೆನಪಾದವು. ಬೆಕ್ಕು ನಮ್ಮ ತಟ್ಟೆಯದನ್ನು ನೆಕ್ಕಿ ಹೋಗಿ ತನ್ನ ಊಟವನ್ನು ತಾನೇ ಹುಡುಕಿಕೊಳ್ಳುತ್ತಿತ್ತು. ನಾವು ಸಾಕಿದೆವು ಎಂದು ಮೂರು ತಲೆಮಾರು ನಂಬಿದ್ದೆವು. ಗೌರಿಗೆ ಬಲೆ ಹೊಡೆದ ಮನೆಯಲ್ಲಿ ಇಲಿ ಎಲ್ಲಿಂದ ಬರಬೇಕು?

“ಮಾಂಸದಲ್ಲಿ, ಮೀನಿನಲ್ಲಿ ಟಾರಿನ್ ಅಂತ ಒಂದು ಸತ್ವ ಉಂಟು. ಅದಿಲ್ಲದಿದ್ರೆ ಬೆಕ್ಕಿನ ಕಣ್ಣು ಹೋಗ್ತದೆ, ಹಾರ್ಟ್ ಸೋಲ್ತದೆ. ಕಣ್ಣು ವಾಪಸ್ ಬರುದಿಲ್ಲ. ಹಾರ್ಟ್ ಉಳಿಸ್ಲಿಕ್ಕೆ ನೋಡುವ. ಆದರೆ ಇವತ್ತಿನಿಂದ್ಲೇ ಆಹಾರ ಬದಲಾಗ್ಬೇಕು,” ಎಂದರು. ಬರೀ ಬೂತಾಯಿ ಸಾಲದು, ಬೆಕ್ಕಿನದೇ ಆಹಾರ, ಬೇಯಿಸಿದ ಕೋಳಿ, ಜೊತೆಗೆ ಔಷಧಿ ಎಂದು ಬರೆದುಕೊಟ್ಟರು. ಮನೆಯ ಸಾಮಾನು ಇನ್ನು ಕದಲಿಸಬೇಡಿ ಎಂದೂ ಹೇಳಿದರು.

ಮೊದಲ ವಾರ ಕೋಳಿಯನ್ನು ವನಜಕ್ಕನೇ ತಮ್ಮ ಅಡುಗೆಮನೆಯಲ್ಲಿ ಬೇಯಿಸಿ ಕೊಟ್ಟರು. “ನಿಮಗೆ ಕಷ್ಟ ಆಗ್ತದೆ ಟೀಚರ್, ನಾನು ಮಾಡ್ತೇನೆ,” ಅಂದರು. ತಪ್ಪು ನನ್ನದು, ಪಾತ್ರೆ ತೊಳೆಯುವುದು ಅವರು. ಎಂಟನೆಯ ದಿನ ನಾನೇ ಕೋಳಿ ತಂದು ತೊಳೆದು ಬೇಯಿಸಿದೆ. ನಡುವೆ ಎರಡು ಸಲ ಬಚ್ಚಲಿಗೆ ಓಡಿದೆ. ಗೌರಿ ತಿನ್ನುವಾಗ ಗಂಟಲಿನಿಂದ ಗುರ್ ಎನ್ನುವ ಸದ್ದು ಹೊರಡಿಸಿದಳು. ಎರಡು ವರ್ಷದಲ್ಲಿ ಒಮ್ಮೆಯೂ ಆ ಸದ್ದು ನಾನು ಕೇಳಿರಲಿಲ್ಲ. ಅವಳ ಪಕ್ಕದಲ್ಲೇ ನೆಲದ ಮೇಲೆ ಕೂತು ಅತ್ತೆ.

ಕೆಲವು ತಿಂಗಳಲ್ಲಿ ಎದೆ ಸುಧಾರಿಸಿತು. ಕಣ್ಣು ಮಾತ್ರ ಡಾಕ್ಟರು ಹೇಳಿದಂತೆಯೇ ವಾಪಸ್ ಬರಲಿಲ್ಲ. ಗೋಡೆಗೆ ಮೀಸೆ ತಾಗಿಸಿಕೊಂಡು ಗೌರಿ ಎರಡು ಕೋಣೆಗಳನ್ನು ಬಾಯಿಪಾಠ ಮಾಡಿದ್ದಾಳೆ.

ಬೇಸಗೆ ರಜೆಗೆ ಅವಳನ್ನು ವನಜಕ್ಕನಿಗೆ ಒಪ್ಪಿಸಿ ಊರಿಗೆ ಹೋದೆ. ಅಲ್ಲಿಯವರೆಗೂ ಮನೆಯಲ್ಲಿ ಏನೂ ಹೇಳಿರಲಿಲ್ಲ. ಅವ್ವ ಹೊಸ ಮರಿಯೊಂದನ್ನು ಎತ್ತಿಕೊಂಡು ಬಂದು, “ಇದನ್ನೂ ಒಯ್ಯಿ, ಗೌರಿಗೆ ಜೋಡಿ ಆಕ್ಕೈತಿ” ಎಂದಾಗ ತಡೆಯಲಾಗಲಿಲ್ಲ.

“ಬ್ಯಾಡವ್ವ. ನಾ ಗೌರೀನ ಕುರುಡಿ ಮಾಡೇನಿ,” ಎಂದು ಎಲ್ಲವನ್ನೂ ಹೇಳಿದೆ.

ಅವಳು ಮರಿಯನ್ನು ಕೆಳಗಿಳಿಸಿದಳು. “ಕೋಳಿ ನೀನ ಬೇಯಿಸ್ತೀ?”

“ಹೂಂ.”

“ನಿನ್ನ ಒಲಿ ಮ್ಯಾಲ?”

“ಹೂಂ.”

ಅವ್ವ ಎದ್ದು ಒಳಗೆ ಹೋದಳು. ಬೈದಿದ್ದರೆ ಒಳ್ಳೆಯದಿತ್ತು. ಹೊರಡುವ ದಿನ ಮುಚ್ಚಳವಿದ್ದ ಸಣ್ಣ ಭಗೋಣಿಯೊಂದನ್ನು ಬಟ್ಟೆಯಲ್ಲಿ ಕಟ್ಟಿ ತಂದುಕೊಟ್ಟಳು. “ಇದರಾಗ ಬೇಯಿಸು. ಜೀವ ಉಳೀಬೇಕು,” ಅಂದಳು. “ಇದನ್ನ ತಿರುಗಿ ಈ ಮನಿಗೆ ತರಬ್ಯಾಡ,” ಎಂದೂ ಅಂದಳು.

ಆ ಭಗೋಣಿ ಈಗ ಸುರತ್ಕಲ್‌ನ ನನ್ನ ಒಲೆಯ ಮೇಲೆ ದಿನವೂ ಕುದಿಯುತ್ತದೆ. ಅದರ ವಾಸನೆಗೆ ಮೂಗು ಒಗ್ಗಿದೆ. ವನಜಕ್ಕ ನನ್ನನ್ನು ‘ನಮ್ಮ ಟೀಚರ್’ ಎಂದು ಬೇರೆಯವರಿಗೆ ಪರಿಚಯಿಸುತ್ತಾರೆ. ಊರಿಗೆ ಹೋದರೆ ಅವ್ವ ಮೊದಲು ಬಚ್ಚಲಿಗೆ ಕಳಿಸುತ್ತಾಳೆ, ತಲೆಯ ಮೇಲೆ ನೀರು ಹಾಕಿಕೊಂಡು ಬಂದರೆ ಪಕ್ಕದಲ್ಲಿ ಕೂರಿಸಿಕೊಂಡು ಬಿಸಿ ರೊಟ್ಟಿ ಬಡಿಸುತ್ತಾಳೆ, ಮೈದಡವುತ್ತಾಳೆ. ಪ್ರೀತಿಯಲ್ಲಿ ಏನೂ ಕಡಿಮೆಯಿಲ್ಲ. ಮೊದಲಿನಂತೆ ರೊಟ್ಟಿ ಬಡಿಯಲು ಮಾತ್ರ ನನ್ನನ್ನು ಒಲೆಯ ಹತ್ತಿರ ಕರೆಯುವುದಿಲ್ಲ.