ಜೊಂಡಿನೊಳಗೆ ಕೂತ ಹಗಲು

ಹಸಿ ಜೊಂಡನ್ನು ಮುರಿದಾಗ ಬರುವ ವಾಸನೆ, ಕೆಸರೂ ಎಳೆ ಸೌತೆಕಾಯಿಯೂ ಬೆರೆತಂಥ ವಾಸನೆ, ಇವತ್ತಿಗೂ ನನ್ನನ್ನು ಭಾಲ್ಕಿ ಕಡೆಯ ನಮ್ಮೂರಿನ ಮನೆಗೆ ಎಳೆದೊಯ್ಯುತ್ತದೆ. ಒಂದು ಅಂಗಳ, ಎರಡು ಒಲೆ. ಒಂದರ ಮುಂದೆ ಅವ್ವ, ಇನ್ನೊಂದರ ಮುಂದೆ ಖಾಲಾ. ಬಟ್ಟೆ ಹೊಲಿದು ಬದುಕುತ್ತಿದ್ದ ಆ ಮುಸ್ಲಿಂ ವಿಧವೆ ನಾನು ಹುಟ್ಟುವ ಮೊದಲೇ ನಮ್ಮ ಮನೆಯ ಓಣಿಬದಿಯ ಕೋಣೆಗೆ ಬಂದವಳು. ಖಾಲಾ ಎಂದರೆ ಅವ್ವನ ಅಕ್ಕನೋ ತಂಗಿಯೋ ಆಗಬೇಕೆಂದು, ಉರ್ದು ಶಾಲೆಗೆ ಹೋಗುತ್ತಿದ್ದರೂ ನನ್ನ ದಡ್ಡ ತಲೆಗೆ ಹೊಳೆದಿರಲಿಲ್ಲ. ಅದು ಅವಳ ಹೆಸರೆಂದೇ ತಿಳಿದಿದ್ದೆ. ಜಡೆ ಹಾಕುವಾಗ ಅವ್ವನ ಕೈ ಬಿರುಸು ಎಂದು ನಾನು ಹೋಗಿ ಕೂರುತ್ತಿದ್ದುದು ಖಾಲಾಳ ಮುಂದೆಯೇ.

ಪೊಲೀಸ್ ಆ್ಯಕ್ಷನ್ ಆದ ಆ ಮಳೆಗಾಲದಲ್ಲಿ ಭಾರತದ ಸೈನ್ಯದ ವಿಮಾನಗಳು ತಲೆಯ ಮೇಲೆ ಹಾದುಹೋದವು. ನಿಜಾಮನ ಆಳ್ವಿಕೆ ಮುಗಿಯಿತೆಂದು ಊರವರು ಸಕ್ಕರೆ ಹಂಚಿದರು. ಅಲ್ಲಿಯವರೆಗೆ ನಿಜಾಮನ ಕಡೆಯ ದಂಡಿಗೆ ಹೆದರಿ ಬಾಗಿಲು ಜಡಿದುಕೊಂಡು ನಡುಗುತ್ತಿದ್ದವರು ನಾವು. ಆಮೇಲೆ ಆ ಹೆದರಿಕೆ ನಮ್ಮ ಪಡಸಾಲೆ ಬಿಟ್ಟು ಖಾಲಾಳ ಕೋಣೆಯಲ್ಲಿ ಹೋಗಿ ಕೂತಿತು. ಕೊಡಲಿ ಹಿಡಿದ ಗುಂಪೊಂದು ಮುಸ್ಲಿಮರನ್ನು ಹುಡುಕುತ್ತ ಬರುತ್ತಿದೆಯೆಂದು ಸುದ್ದಿ ಬಂದ ದಿನ ಅಪ್ಪ ಬೀದರಿನಲ್ಲಿ ಸಿಕ್ಕಿಕೊಂಡಿದ್ದ. ಬೆಳಕು ಹರಿಯುವಷ್ಟರಲ್ಲಿ ಅವ್ವ ತನ್ನ ಸೀರೆಯನ್ನು ಖಾಲಾಳಿಗೆ ಉಡಿಸಿ, ಬುತ್ತಿ ಕಟ್ಟಿಕೊಂಡು, ನಮ್ಮಿಬ್ಬರನ್ನೂ ಕೆರೆಯ ಜೊಂಡಿನೊಳಗೆ ಕರೆದೊಯ್ದಳು. "ಹೊತ್ತು ಮುಣಗೋತನ ಗಪ್ಪ ಹಕ್ಕಿ ನೋಡ್ಕೋತ ಕುಂದ್ರು. ಹಕ್ಕಿ ಎದ್ದು ಹಾರಿದ್ರ ಏರಿ ಮ್ಯಾಲಿನವ್ರಿಗಿ ನಾವು ಇಲ್ಲಿದ್ದದ್ದು ಗೊತ್ತಾಗ್ತದ," ಎಂದಳು.

ಕೆರೆಯನ್ನು ಅಷ್ಟು ಹತ್ತಿರದಿಂದ ನಾನು ಎಂದೂ ನೋಡಿರಲಿಲ್ಲ. ಮಂಜು ಸರಿದಂತೆ ತಾವರೆ ಎಲೆಗಳು ಒಂದೊಂದಾಗಿ ಕಂಡವು. ನೇರಳೆ ಬಣ್ಣದ ನೀರುಕೋಳಿ ಜೊಂಡಿನ ತಿರುಳನ್ನು ಕಾಲಲ್ಲಿ ಹಿಡಿದು ಸಾವಕಾಶವಾಗಿ ತಿನ್ನುತ್ತಿತ್ತು. ನೀರುಕಾಗೆ ರೆಕ್ಕೆಗಳನ್ನು ಬಟ್ಟೆಯಂತೆ ಒಣಹಾಕಿ ನಿಂತಿತ್ತು. ಖಾಲಾ ನನ್ನ ಒಂದು ಕಿವಿಯಲ್ಲಿ 'ಬಗಲಾ' ಎಂದು ಉಸುರಿದರೆ ಅವ್ವ ಇನ್ನೊಂದು ಕಿವಿಯಲ್ಲಿ 'ಕೊಕ್ಕರೆ' ಎನ್ನುತ್ತಿದ್ದಳು. ಹೀಗೆ ಪ್ರತಿ ಹಕ್ಕಿಯೂ ನನಗೆ ಎರಡೆರಡು ಸಲ ಸಿಕ್ಕಿತು. ಬಿಸಿಲೇರಿ, ನೀರು ಮಿನುಗಿ, ಯಾಕೆ ಬಂದಿದ್ದೇವೆಂಬುದೇ ಮರೆತುಹೋಯಿತು. ಆಗ ಉದ್ದ ಬೆರಳಿನ ಹಕ್ಕಿಯೊಂದು ತಾವರೆ ಎಲೆಗಳ ಮೇಲೆ ನಡೆದು ಬಂದು ರೆಕ್ಕೆಯನ್ನು ತುಸು ಎತ್ತಿತು. ಕೆಳಗೆ ಪುಟ್ಟ ಪುಟ್ಟ ಕಾಲುಗಳು ಜೋತಾಡುತ್ತಿದ್ದವು. ಮರಿಗಳನ್ನು ಕಂಕುಳಲ್ಲಿಟ್ಟುಕೊಂಡು ತಿರುಗುವ ಹಕ್ಕಿ! "ಖಾಲಾ, ನೋಡು!" ಎಂದು ಕೂಗಿಬಿಟ್ಟೆ.

ಕೆರೆಗೆ ಕೆರೆಯೇ ಎದ್ದು ಹಾರಿತು. ಏರಿಯಿಂದ ನಾಲ್ವರು ಇಳಿದು ಬಂದರು. "ಖಾಲಾ ಅಂದದ್ದು ಯಾರು?" ಅವ್ವ ಕೈಗೆ ಸಿಕ್ಕ ಎರಡು ತಾವರೆ ಕಿತ್ತುಕೊಂಡು ಎದ್ದು ನಿಂತಳು. "ನನ್ನ ಮಗಳ್ರಿ. ಉರ್ದು ಸಾಲಿಗಿ ಹೋಗ್ತಾಳ, ದೊಡ್ಡವ್ವಗ ಖಾಲಾ ಅಂತಾಳ. ಪೂಜಿಗಿ ಹೂ ಹರಿಲಾಕ ಬಂದೇವ್ರಿ." ಅವರಲ್ಲೊಬ್ಬ ಅವಳ ಕೊರಳಿನ ಕಡೆ ನೋಡಿ, "ಲಿಂಗ ಮುಟ್ಟಿ ಹೇಳು," ಎಂದ. ಬೇರೆಯವರು ಲಿಂಗದ ಮೇಲೆ ಆಣೆಯಿಟ್ಟರೂ ಕಿವಿ ಮುಚ್ಚಿಕೊಳ್ಳುತ್ತಿದ್ದವಳು ಅವ್ವ. ಆ ದಿನ ಮುಟ್ಟಿದಳು. "ನಮ್ಮಕ್ಕರಿ," ಎಂದಳು. ಅವರು ಹೊರಟುಹೋದರು. ಅವರು ಏರಿ ದಾಟುವವರೆಗೂ ಅವ್ವ ತಾವರೆ ಕೀಳುತ್ತಲೇ ಇದ್ದಳು. ಖಾಲಾ ನನ್ನನ್ನು ಬೈಯಲಿಲ್ಲ, ಬಿಚ್ಚಿಹೋದ ನನ್ನ ಜಡೆಯನ್ನು ಮತ್ತೆ ಹೆಣೆದಳು. ಬೈದಿದ್ದರೆ ನನ್ನ ಸಂಕಟ ಅಂದೇ ಮುಗಿಯುತ್ತಿತ್ತು.

ಸುಳ್ಳಾಣೆಯ ಪಾಪ ಅವ್ವನಿಗೆ ತಟ್ಟುತ್ತದೆಂದು ಹೆದರಿ, ಅವಳು ಮಧ್ಯಾಹ್ನ ಅಡ್ಡಾದಾಗ ಉಸಿರಾಡುತ್ತಾಳೋ ಇಲ್ಲವೋ ಎಂದು ಎಷ್ಟೋ ದಿನ ನೋಡುತ್ತಿದ್ದೆ. ಏನೂ ಆಗಲಿಲ್ಲ. ಎರಡೂ ಒಲೆಗಳು ಇನ್ನೂ ಬಹಳ ವರ್ಷ ಉರಿದವು. ಈಗ ಆ ಮನೆಯಿಲ್ಲ, ಕೆರೆಯ ಅರ್ಧ ಭಾಗ ತೊಗರಿ ಹೊಲವಾಗಿದೆ. ಇಬ್ಬರಲ್ಲಿ ಅವ್ವನೇ ಮೊದಲು ಹೋದಳು. ನಮ್ಮಲ್ಲಿ ಹೆಣ್ಣುಮಗಳು ತೀರಿಕೊಂಡರೆ ಕೊನೆಯ ಸೀರೆ ಅವಳ ತವರಿನಿಂದ ಬರಬೇಕು. ಅವ್ವನಿಗೆ ತವರಿನಲ್ಲಿ ಯಾರೂ ಉಳಿದಿರಲಿಲ್ಲ. ಹೂವು ಮುಡಿಸಿ, ವಿಭೂತಿ ಹಚ್ಚಿ ಅವಳನ್ನು ಪಡಸಾಲೆಯಲ್ಲಿ ಕೂರಿಸಿದ್ದರು. "ತವರಮನಿ ಸೀರಿ ಯಾರು ತಂದೀರಿ?" ಎಂದು ಕ್ರಿಯೆ ಮಾಡಿಸಲು ಬಂದ ಅಯ್ಯನವರು ಕೇಳಿದರು. ಖಾಲಾ ತನ್ನ ಕೋಣೆಯಿಂದ ಹಸಿರು ಸೀರೆಯೊಂದನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಬಂದಳು.

"ನಾ ತಂದೇನ್ರಿ," ಎಂದಳು.